ಫುಲ್‌ಸ್ಟಾಪ್ ತನಕ ಓದಿದವಳು

ದೊಡ್ಡಕಟ್ಟೆ ಅನ್ನುವ ಹೋಬಳಿ ಊರಿನ ಹೈಸ್ಕೂಲಿನಲ್ಲಿ ಶಿವನಂಜಪ್ಪ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದರು. ಮೂವತ್ತೊಂದು ವರ್ಷ ಒಂದೇ ಸ್ಕೂಲಿನಲ್ಲಿ ಪಾಠ ಮಾಡಿದರು. ಮೊದಲ ವರ್ಷ ಒಂದು ಬಿಟ್ಟರೆ, ಅವರ ಕೈಕೆಳಗೆ ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಕ್ಕಪಕ್ಕದ ಊರಿನ ಮೇಷ್ಟ್ರುಗಳು ರಜೆ ಹಾಕಿ ಬಂದು, ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಇಕ್ಕಟ್ಟಾಗಿ ಕೂತು, ಅವರ ಪಾಠ ನೋಡಿಕೊಂಡು ಹೋಗುತ್ತಿದ್ದರು.

ಮೇಷ್ಟ್ರ ಗುಟ್ಟು ಏನು ಅಂತ ಕೇಳುತ್ತೀರಾ? ಹೇಳಿದರೆ ಇಷ್ಟೇನಾ ಅನ್ನುತ್ತೀರಿ. ಪರೀಕ್ಷೆಯಲ್ಲಿ ಪ್ಯಾಸೇಜು ಅಂತ ಒಂದು ಕೊಡುತ್ತಾರಲ್ಲ ಮಕ್ಕಳೇ, ಮೇಲೆ ಹತ್ತು ಹನ್ನೆರಡು ಸಾಲು ಇಂಗ್ಲಿಷು, ಕೆಳಗೆ ನಾಲ್ಕು ಪ್ರಶ್ನೆ. ಮಗು ಓದಿದ್ದನ್ನು ಅರ್ಥ ಮಾಡಿಕೊಳ್ಳುತ್ತೋ ಇಲ್ಲವೋ ಅಂತ ನೋಡುವುದಕ್ಕೇ ಅದನ್ನು ಕೊಡುವುದು. ಶಿವನಂಜಪ್ಪ ಮೇಷ್ಟ್ರು ಅದಕ್ಕೊಂದು ದಾರಿ ಕಂಡುಹಿಡಿದಿದ್ದರು.

"ಪ್ಯಾಸೇಜು ಓದೋಕೆ ಹೋಗಬೇಡಿ. ಟೈಮು ದಂಡ. ಮೊದಲು ಪ್ರಶ್ನೆ ನೋಡಿ. ಪ್ರಶ್ನೆಯಲ್ಲಿ ಮುಖ್ಯ ಪದ ಯಾವುದಿದೆ? ಅದೇ ಪದ ಮೇಲೆ ಎಲ್ಲಿದೆ ಹುಡುಕಿ, ಅಡಿಗೆರೆ ಎಳೀರಿ. ಆ ಸಾಲನ್ನ ಮೊದಲಿಂದ ಫುಲ್‌ಸ್ಟಾಪ್ ತನಕ ಹಾಗೇ ಇಳಿಸಿ. ಫುಲ್‌ಸ್ಟಾಪ್ ಬಂತಾ, ನಿಲ್ಲಿ. ಮುಂದಿನ ಸಾಲಿನ ಉಸಾಬರಿ ನಿಮಗೆ ಬೇಡ."

ಅಷ್ಟೇ. ಅಷ್ಟು ಮಾಡಿದರೆ ನಾಲ್ಕಕ್ಕೆ ನಾಲ್ಕು ಅಂಕ. ಕುರಿ ಕಾಯುವವರ ಮನೆಯ ಮಗು, ಬೀಡಿ ಕಟ್ಟುವವರ ಮನೆಯ ಮಗು, ಇಂಗ್ಲಿಷಿನ ಒಂದು ಪದವನ್ನೂ ಮನೆಯಲ್ಲಿ ಕೇಳದ ಮಗು, ಎಲ್ಲರೂ ಗೆರೆ ಎಳೆದರು, ಇಳಿಸಿದರು, ಪಾಸಾದರು. ಪತ್ರಕ್ಕೆ ಒಂದು, ಪ್ರಬಂಧಕ್ಕೆ ಮೂರು ಬಾಯಿಪಾಠ. ಮಿಕ್ಕಿದ್ದಕ್ಕೆಲ್ಲ ಈ ಗೆರೆ.

ಮೇಷ್ಟ್ರನ್ನು ಬೈಯುವುದಕ್ಕೆ ಅವಸರ ಮಾಡಬೇಡಿ. ಅವರು ಸೋಮಾರಿಯಲ್ಲ, ಕೆಟ್ಟವರಂತೂ ಅಲ್ಲವೇ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಮನಸಿಟ್ಟು, ಕಥೆ ಹೇಳಿ, ನಟನೆ ಮಾಡಿ ತೋರಿಸಿ, ಒಂದೊಂದು ಸಾಲಿಗೂ ಅರ್ಥ ಬಿಡಿಸಿ ಪಾಠ ಮಾಡಿದ್ದರು. ಆ ವರ್ಷ ಇಪ್ಪತ್ತಮೂರು ಮಕ್ಕಳು ಇಂಗ್ಲಿಷಿನಲ್ಲಿ ಫೇಲಾದರು. ಅದೇ ಬೇಸಿಗೆಯಲ್ಲಿ ಅವರಲ್ಲಿ ಮೂವರು ಹೆಣ್ಣುಮಕ್ಕಳಿಗೆ ಮದುವೆ ಮಾಡಿಬಿಟ್ಟರು. ಒಂದು ಮದುವೆಗೆ ಮೇಷ್ಟ್ರೂ ಊಟಕ್ಕೆ ಹೋಗಿದ್ದರು. ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದುಬಂದರು. ಇನ್ನು ನನ್ನ ಪಾಠದಿಂದ ಒಂದು ಮಗುವೂ ಫೇಲಾಗಬಾರದು ಅಂತ ಅವತ್ತೇ ತೀರ್ಮಾನ ಮಾಡಿದರು. ಅಲ್ಲಿಂದ ಶುರುವಾಯಿತು ಈ ಗೆರೆ ಎಳೆಯುವ ವಿದ್ಯೆ.

ಹೀಗೆ ವರ್ಷಗಳು ಹೋದ ಮೇಲೆ ಅವರ ಕ್ಲಾಸಿಗೆ ಗಂಗಾಂಬಿಕೆ ಅನ್ನುವ ಹುಡುಗಿ ಬಂದಳು. ಒಂಬತ್ತನೇ ಕ್ಲಾಸು. ಅವಳಪ್ಪ ಬಸ್‌ಸ್ಟಾಂಡಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಹುಡುಗಿಗೆ ಒಂದು ಕೆಟ್ಟ ಚಾಳಿಯಿತ್ತು. ಯಾವುದನ್ನೇ ಆಗಲಿ ಯಾಕೆ ಅಂತ ಕೇಳದೆ ಬಿಡುತ್ತಿರಲಿಲ್ಲ.

ಒಂದು ದಿನ ಬೋರ್ಡಿನ ಮೇಲೆ ಒಂದು ಪ್ಯಾಸೇಜಿತ್ತು. ಒಬ್ಬ ಮುದುಕ ರೈಲ್ವೆ ಗೇಟ್ ಕಾಯುತ್ತಿರುತ್ತಾನೆ. ಆ ದಾರಿಯಲ್ಲಿ ರೈಲು ನಿಂತುಹೋಗುತ್ತದೆ. ಆದರೂ ಅವನು ದಿನಾ ಹೊತ್ತಿಗೆ ಸರಿಯಾಗಿ ಹೋಗಿ ಗೇಟ್ ಹಾಕಿ, ಐದು ನಿಮಿಷ ನಿಂತು, ತೆಗೆದು ಬರುತ್ತಾನೆ. ಕೆಳಗೆ ಪ್ರಶ್ನೆ: ಗೇಟ್ ಹಾಕುತ್ತಿದ್ದವರು ಯಾರು? ಮಕ್ಕಳು ಸರಸರ ಗೆರೆ ಎಳೆದರು, ಇಳಿಸಿದರು. ಗಂಗಾಂಬಿಕೆ ಎದ್ದು ನಿಂತಳು.

"ಸಾರ್, ರೈಲೇ ಬರ್ದೇ ಇದ್ಮೇಲೆ ಅವನು ಗೇಟ್ ಯಾಕ್ ಹಾಕ್ತಿದ್ದ?"

"ಪ್ರಶ್ನೆಯಲ್ಲಿ ಕೇಳಿದಾರಾ ಅದನ್ನ?"

"ಇಲ್ಲ ಸಾರ್."

"ಹಂಗಾದ್ರೆ ನಿನಗ್ಯಾಕಮ್ಮ ಬೇಕು? ಅವನಿಗೆ ಸಂಬಳ ಕೊಡ್ತಿರೋಳು ನೀನಾ?"

ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. ಹುಡುಗಿ ಕೂತಳು. ಆದರೆ ಆ ತಿಂಗಳ ಟೆಸ್ಟಿನಲ್ಲಿ ಅವಳು ಗೆರೆ ಎಳೆಯಲಿಲ್ಲ. ಪ್ಯಾಸೇಜು ಪೂರ್ತಿ ಓದಿ, ಅರ್ಥ ಮಾಡಿಕೊಂಡು, ತನ್ನದೇ ಮುರುಕು ಇಂಗ್ಲಿಷಿನಲ್ಲಿ ನಾಲ್ಕೂ ಉತ್ತರ ಬರೆದಳು. ನಾಲ್ಕೂ ಸರಿಯಾಗಿದ್ದವು. ವ್ಯಾಕರಣ ಮಾತ್ರ ಹರಕು ಚಾಪೆ. ಮೇಷ್ಟ್ರು ಓದಿದರು. ಇವಳಿಗೆ ಅರ್ಥವಾಗಿದೆ ಅಂತ ಅವರಿಗೆ ಗೊತ್ತಾಯಿತು. ಹೌದು, ಚೆನ್ನಾಗಿಯೇ ಗೊತ್ತಾಯಿತು. ಆದರೆ ಪಬ್ಲಿಕ್ ಪರೀಕ್ಷೆಯಲ್ಲಿ ಹೀಗೆ ಬರೆದರೆ ತಿದ್ದುವವನು ಯಾರೋ ಏನೋ, ಅಂಕ ಹೋಗುತ್ತದೆ ಅನ್ನುವ ಭಯ. ನಾಲ್ಕನ್ನೂ ಕೆಂಪು ಪೆನ್ನಿನಲ್ಲಿ ಹೊಡೆದು ಸೊನ್ನೆ ಹಾಕಿದರು. ಪಕ್ಕದಲ್ಲಿ 'ಹೇಳಿದಷ್ಟು ಮಾಡು' ಅಂತ ಬರೆದರು.

ಆಮೇಲೆ ಗಂಗಾಂಬಿಕೆ ಹೇಳಿದಷ್ಟು ಮಾಡಿದಳು. ಬುದ್ಧಿವಂತೆ ಬೇರೆ, ಕೇಳಬೇಕೇ? ಗೆರೆ ಎಳೆಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕಣ್ಣು ಹಾಯಿಸಿದಳು ಅಂದರೆ ಪದ ಸಿಕ್ಕಿತು ಅಂತಲೇ ಲೆಕ್ಕ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ನೂರಕ್ಕೆ ತೊಂಬತ್ತೇಳು ತಂದಳು. ಅವಳ ಫೋಟೋ ಹೆಡ್‌ಮೇಷ್ಟ್ರ ರೂಮಿನ ಗೋಡೆಗೆ ಬಂತು. ಸೈಕಲ್ ರಿಪೇರಿಯ ಅಪ್ಪ ಒಂದು ಬಾಳೆಗೊನೆ ತಂದು ಮೇಷ್ಟ್ರ ಮುಂದೆ ಇಟ್ಟು ಕಾಲಿಗೆ ಬಿದ್ದ. ಮೇಷ್ಟ್ರಿಗೆ ಅವತ್ತು ಎದೆ ಉಬ್ಬಿಹೋಗಿತ್ತು. ಯಾಕೆ ಅಂತ ಕೇಳುತ್ತಿದ್ದ ಹುಡುಗಿ ಎಲ್ಲಿ ಹೋದಳು ಅಂತ ಅವರಿಗೆ ಒಂದು ಸಲವೂ ಅನ್ನಿಸಲಿಲ್ಲ.

ಮುಂದಿನ ಪರೀಕ್ಷೆಗಳೂ ಇದೇ ಜಾತಿಯವು. ಗೈಡುಗಳಿದ್ದವು, ಹಳೇ ಪ್ರಶ್ನೆಪತ್ರಿಕೆಗಳಿದ್ದವು. ಗಂಗಾಂಬಿಕೆ ಬಿ.ಎ. ಮಾಡಿದಳು, ಬಿ.ಎಡ್. ಮಾಡಿದಳು. ಶಿವನಂಜಪ್ಪ ಮೇಷ್ಟ್ರು ರಿಟೈರಾದ ಎರಡು ವರ್ಷಕ್ಕೆ ಅದೇ ಸ್ಕೂಲಿಗೆ, ಅದೇ ಇಂಗ್ಲಿಷಿಗೆ ಮೇಡಮ್ ಆಗಿ ಬಂದಳು. ಮನೆ ಮೇಷ್ಟ್ರ ಹಿಂದಿನ ಬೀದಿಯಲ್ಲೇ. ಭಾನುವಾರ ಬಂದು ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮನ ಜೊತೆ ಕೂತು ಹಪ್ಪಳ ಒತ್ತಿಕೊಟ್ಟು ಹೋಗುತ್ತಿದ್ದಳು. ಸ್ಕೂಲಿನಲ್ಲಿ ಅವಳೂ ಮೇಷ್ಟ್ರ ದಾರಿಯನ್ನೇ ಹಿಡಿದಿದ್ದಳು. ಫಲಿತಾಂಶ ಮೊದಲಿನ ಹಾಗೇ ಇತ್ತು.

ಮೇಷ್ಟ್ರಿಗೆ ಬಲಗಣ್ಣು ಮುಂಚೆಯೇ ಹೋಗಿತ್ತು. ಕಣ್ಣಿನ ಒತ್ತಡದ ಕಾಯಿಲೆ, ಹೊತ್ತು ಮೀರಿ ಗೊತ್ತಾಗಿದ್ದು. ಎಡಗಣ್ಣೊಂದೇ ಆಧಾರ. ಈಗ ಅದಕ್ಕೂ ಪೊರೆ ಬಂತು. ಜಿಲ್ಲಾಕೇಂದ್ರದ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಚೆನ್ನಾಗೇ ಆಯಿತು. ಮನೆಗೆ ಕಳಿಸುವಾಗ ನರ್ಸಮ್ಮ ಏನೇನು ಜಾಗ್ರತೆ ಮಾಡಬೇಕು ಅಂತ ಒಂದು ಕಾಗದ ಕೊಡುವುದಕ್ಕೆ ಬಂದರು.

"ಇದು ಇಂಗ್ಲಿಷಲ್ಲಿದೆ. ಒಂದ್ನಿಮಿಷ ಇರಿ, ಆಫೀಸಿಂದ ಕನ್ನಡದ್ದು ತಂದುಕೊಡ್ತೀನಿ."

"ಅಯ್ಯೋ, ಇಂಗ್ಲಿಷಿನದೇ ಕೊಡಮ್ಮ. ಮೂವತ್ತೊಂದು ವರ್ಷ ಇಂಗ್ಲಿಷ್ ಹೇಳಿಕೊಟ್ಟೋನು ನಾನು."

ನರ್ಸಮ್ಮ ಆದರೂ ಬಾಯಲ್ಲಿ ಎಲ್ಲ ಹೇಳಿದರು. ಮೇಷ್ಟ್ರು ತಲೆ ಆಡಿಸಿದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ವಮಂಗಳಮ್ಮ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಎಲ್ಲ ಕಾಗದದಲ್ಲೇ ಇದೆಯಲ್ಲ ಅಂತ ಮೇಷ್ಟ್ರು ಅದನ್ನು ಮಡಿಸಿ ಜೇಬಿಗಿಟ್ಟರು. ಕಣ್ಣಿಗೆ ಮುಚ್ಚಳ, ಹೊಸ ಕನ್ನಡಕ ಬರುವುದಕ್ಕೆ ಇನ್ನೂ ತಿಂಗಳು. ಆ ಸಣ್ಣಕ್ಷರ ಓದುವುದು ಅವರಿಂದ ಆಗುವ ಮಾತಾಗಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹನಿ ಔಷಧಿ ಹಾಕುವಾಗ ಸರ್ವಮಂಗಳಮ್ಮ ಗಾಬರಿಯಾದರು.

"ರೀ, ಕಣ್ಣು ಕೆಂಪಗಾಗಿದೆ. ಕೆಂಡದ ಥರ ಇದೆ. ಒಂಬತ್ತೂವರೆ ಬಸ್ಸಿಗೆ ಹೋಗಿ ತೋರಿಸ್ಕೊಂಡ್ ಬರಣ."

"ಇಷ್ಟಕ್ಕೆಲ್ಲ ಓಡಿದ್ರೆ ಆಯ್ತದಾ? ಕಾಗದದಲ್ಲಿ ಏನ್ ಬರೆದಿದಾರೆ ನೋಡೋಣ. ಗಂಗಾಂಬಿಕೇನ ಕರಿ."

ಗಂಗಾಂಬಿಕೆ ಸ್ಕೂಲಿಗೆ ಹೊರಟಿದ್ದವಳು ಹಾಗೇ ಬಂದಳು. ಮೇಷ್ಟ್ರು ಕಾಗದ ಕೊಟ್ಟು ಕೇಳಿದರು, "ಕಣ್ಣು ಕೆಂಪಾಗೋದರ ಬಗ್ಗೆ ಏನಿದೆ ನೋಡಮ್ಮ."

ಪ್ರಶ್ನೆ ಬಂತಲ್ಲ, ಅವಳ ಬೆರಳು ಓಡಿತು. ಒಂದು ಪುಟ ತುಂಬ ಇದ್ದ ಇಂಗ್ಲಿಷಿನಲ್ಲಿ ಕೆಂಪು ಅನ್ನುವುದಿದ್ದ ಸಾಲು ಅರೆಕ್ಷಣದಲ್ಲಿ ಸಿಕ್ಕಿತು. ಮೊದಲಿಂದ ಫುಲ್‌ಸ್ಟಾಪ್ ತನಕ ಸ್ಪಷ್ಟವಾಗಿ ಓದಿದಳು, ಕನ್ನಡದಲ್ಲೂ ಹೇಳಿದಳು. ಆಪರೇಷನ್ ಆದ ಮೇಲೆ ಕೆಲವು ದಿನ ಕಣ್ಣು ಕೆಂಪಗಿರುವುದು ಸಹಜ, ಹೆದರಬೇಕಾಗಿಲ್ಲ.

"ಕೇಳಿದೆಯೇನೆ? ಸಹಜವಂತೆ," ಅಂದರು ಮೇಷ್ಟ್ರು ಹೆಂಡತಿಗೆ. ಆಮೇಲೆ ಶಿಷ್ಯೆಯ ಕಡೆ ತಿರುಗಿ, "ಭೇಷ್. ಎಷ್ಟು ಬೇಗ ಹಿಡಿದೆ ನೋಡು," ಅಂದರು. ಗಂಗಾಂಬಿಕೆಗೆ ಖುಷಿಯಾಯಿತು. ಕಾಗದ ಮಡಿಸಿಟ್ಟು ಸ್ಕೂಲಿಗೆ ಹೋದಳು.

ಮಧ್ಯಾಹ್ನಕ್ಕೆ ಕಣ್ಣು ಚುಚ್ಚತೊಡಗಿತು. ಮೇಷ್ಟ್ರು ತುಟಿ ಕಚ್ಚಿಕೊಂಡು ಕೂತರು. ಮಾರನೇ ದಿನ ನೋವು ತಲೆಗೇರಿತು, ತಿಂಡಿ ಮುಟ್ಟಲಿಲ್ಲ.

"ನಂಗೆ ಇಂಗ್ಲಿಷ್ ಬರಲ್ಲ ರೀ. ಆದ್ರೆ ನಿಮ್ಮ ಮುಖ ನೋಡಿದ್ರೆ ಇದು ಒಳ್ಳೇದಲ್ಲ ಅಂತ ಗೊತ್ತಾಗುತ್ತೆ. ಎದ್ದೇಳಿ," ಅಂದರು ಸರ್ವಮಂಗಳಮ್ಮ.

"ಹೆದರಬೇಡಿ ಅಂತ ಬರೆದಿದೆಯಲ್ಲೆ. ಬರೆದೋರು ಡಾಕ್ಟರು. ನಿನಗಿಂತ ಅವರಿಗೆ ಕಮ್ಮಿ ಗೊತ್ತಾ?"

ಐದನೇ ದಿನ ಬೆಳಗಾದಾಗ ಕಿಟಕಿ ಎಲ್ಲಿದೆ ಅಂತ ಮೇಷ್ಟ್ರಿಗೆ ಕಾಣಲಿಲ್ಲ. ಆಟೋ ಮಾಡಿಕೊಂಡು ಓಡಿದರು.

ಡಾಕ್ಟರು ನೋಡಿದರು, ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದರು. ಕಣ್ಣಿನ ಒಳಗೆ ಕೀವಾಗಿತ್ತು.

"ಎರಡು ದಿನ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಸಾರ್. ಕಾಗದದಲ್ಲಿ ಬರೆದಿದ್ದೀವಲ್ಲ."

"ಸಹಜ ಅಂತ ಬರೆದಿದೆ," ಅಂದರು ಮೇಷ್ಟ್ರು.

ಡಾಕ್ಟರು ಅದೇ ಕಾಗದ ತೆಗೆದುಕೊಂಡು ಮುಂದಿನ ಸಾಲು ಓದಿದರು. ಆದರೆ ಅದರ ಜೊತೆಗೆ ನೋವು ಹೆಚ್ಚುತ್ತಿದ್ದರೆ, ಅಥವಾ ನೋಟ ಮಂಜಾಗುತ್ತಿದ್ದರೆ, ಒಂದು ದಿನವೂ ಕಾಯದೆ ತಕ್ಷಣ ಆಸ್ಪತ್ರೆಗೆ ಬನ್ನಿ.

ಮೇಷ್ಟ್ರಿಗೆ ಡಾಕ್ಟರ ಮುಖ ಕಾಣುತ್ತಿರಲಿಲ್ಲ. ಆದರೆ ಆ ಎರಡು ಸಾಲುಗಳ ನಡುವೆ ಇದ್ದ ಫುಲ್‌ಸ್ಟಾಪ್ ಮಾತ್ರ ಚೆನ್ನಾಗಿ ಕಂಡಿತು.

ಮೂರು ವಾರ ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಸೂಜಿ ಹಾಕಿದರು, ಮಾಡಬೇಕಾದ್ದೆಲ್ಲ ಮಾಡಿದರು. ಬೆಳಕು ಯಾವುದು ಕತ್ತಲೆ ಯಾವುದು ಅಂತ ತಿಳಿಯುವಷ್ಟು ಮಾತ್ರ ಉಳಿಯಿತು. ಮನೆಗೆ ಬಂದ ಮೇಲೆ ಮೇಷ್ಟ್ರು ಮಾತು ಕಮ್ಮಿ ಮಾಡಿದರು. ಡಾಕ್ಟರು ಓದಿದ ಸಾಲಿನ ವಿಷಯ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಬಾಯಿ ಬಿಡಬೇಡ ಅಂದರು.

ಮಾರನೇ ದಿನ ಭಾನುವಾರ, ಗಂಗಾಂಬಿಕೆ ಬಂದಳು. ಅತ್ತೂ ಅತ್ತೂ ಅವಳ ದನಿ ಒಡೆದಿತ್ತು. ಜೊತೆಗೆ ಸಿಟ್ಟೂ ಇತ್ತು.

"ಸಾರ್, ಇದನ್ನ ಸುಮ್ನೆ ಬಿಡಬಾರದು. ಆಸ್ಪತ್ರೆಯವರ ಮೇಲೆ ಕಂಪ್ಲೇಂಟ್ ಕೊಡೋಣ. ಸಹಜ ಅಂತ ಅವರೇ ಬರೆದಿದಾರೆ, ನಾನೇ ಓದಿದೀನಲ್ಲ. ನಾನು ಸಾಕ್ಷಿ ಹೇಳ್ತೀನಿ."

ಮೇಷ್ಟ್ರಿಗೆ ಅರ್ಥವಾಯಿತು. ಇವಳಿಗೆ ಗೊತ್ತಿಲ್ಲ. ತಾನು ಸರಿಯಾಗಿ ಓದಿದೆ, ಕಾಗದವೇ ತಪ್ಪು ಅಂತ ಇವಳು ನಂಬಿದ್ದಾಳೆ.

ಸುಮ್ಮನಿದ್ದುಬಿಡಬಹುದಿತ್ತು. ಹೋಗಲಿ ಬಿಡಮ್ಮ, ನನ್ನ ಹಣೇಲಿ ಬರೆದಿದ್ದು, ಕಂಪ್ಲೇಂಟು ಗಿಂಪ್ಲೇಂಟು ಬೇಡ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನೆಮ್ಮದಿಯಾಗಿ ಇರುತ್ತಿದ್ದಳು. ಹೇಳಿದರೆ ಈ ಹುಡುಗಿ ಸಾಯುವ ತನಕ ಕೊರಗುತ್ತಾಳೆ. ಮಗಳ ಹಾಗೆ ಮನೆಗೆ ಬಂದುಹೋಗುವವಳು. ಅವಳ ತಪ್ಪು ಇದರಲ್ಲಿ ಎಷ್ಟಿದೆ? ಗೆರೆ ಎಳೆಯುವುದನ್ನು ಕಲಿಸಿದ್ದು ಯಾರು? ಪೂರ್ತಿ ಓದಿ ಬರೆದ ಉತ್ತರಕ್ಕೆ ಸೊನ್ನೆ ಹಾಕಿದ ಕೈ ಯಾವುದು? ಆದರೆ ಸೋಮವಾರ ಅವಳು ಎಪ್ಪತ್ತು ಮಕ್ಕಳ ಮುಂದೆ ನಿಲ್ಲುತ್ತಾಳೆ. ಫುಲ್‌ಸ್ಟಾಪ್ ಬಂತಾ, ನಿಲ್ಲಿ ಅನ್ನುತ್ತಾಳೆ. ಆ ಎಪ್ಪತ್ತು ಮಕ್ಕಳ ಮನೆಯಲ್ಲೂ ಅಪ್ಪ ಅಮ್ಮ ಇರುತ್ತಾರೆ. ಯಾವತ್ತೋ ಒಂದು ದಿನ ಯಾವುದೋ ಒಂದು ಕಾಗದ ಆ ಮಕ್ಕಳ ಕೈಗೂ ಬರುತ್ತದೆ. ಇದನ್ನೆಲ್ಲ ಯೋಚಿಸಿ ಮೇಷ್ಟ್ರು ಗಟ್ಟಿ ಮನಸ್ಸು ಮಾಡಿದರು.

"ಮಂಗಳಾ, ಆ ಕಾಗದ ಕೊಡು ಅವಳಿಗೆ. ಗಂಗಾಂಬಿಕೆ, ಮೊದಲಿಂದ ಕೊನೆ ತನಕ ಜೋರಾಗಿ ಓದಮ್ಮ."

ಅವಳು ಓದಿದಳು. ಏನು ಚೆಂದ ಓದಿದಳು ಅಂತೀರಿ. ಒಂದು ಕಡೆ ತಡವರಿಸಲಿಲ್ಲ, ಒಂದು ಉಚ್ಚಾರ ತಪ್ಪಲಿಲ್ಲ. ನೋವಿನ ಸಾಲನ್ನೂ ಅದೇ ದನಿಯಲ್ಲಿ ಓದಿ ದಾಟಿಕೊಂಡು ಹೋದಳು. ಕೊನೆಯಲ್ಲಿದ್ದ ಆಸ್ಪತ್ರೆಯ ಫೋನ್ ನಂಬರನ್ನೂ ಬಿಡಲಿಲ್ಲ. ಅಲ್ಲಿಗೆ ಮುಗಿಸಿದಳು.

"ಏನು ಹೇಳುತ್ತೆ ಅದು?" ಕೇಳಿದರು ಮೇಷ್ಟ್ರು.

ಗಂಗಾಂಬಿಕೆ ಕಾಗದ ನೋಡಿದಳು. ಮೇಷ್ಟ್ರ ಮುಖ ನೋಡಿದಳು.

"ನೀವು ಪ್ರಶ್ನೆ ಕೇಳಿ ಸಾರ್. ಉತ್ತರ ಹೇಳ್ತೀನಿ."

ಸರ್ವಮಂಗಳಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಹೋದರು. ಮೇಷ್ಟ್ರಿಗೆ ಕಣ್ಣು ಹೋಯಿತು ಅಂತ ಡಾಕ್ಟರು ಹೇಳಿದಾಗಲೂ ಇಷ್ಟು ಸಂಕಟವಾಗಿರಲಿಲ್ಲ. ಮೆಲ್ಲಗೆ ಹೇಳಿದರು.

"ಪ್ರಶ್ನೆ ಇಲ್ಲಮ್ಮ. ಒಂದೊಂದೇ ಸಾಲು ತಗೋ. ಬರೆದೋರು ನಿನ್ನ ಎದುರಿಗೆ ಕೂತು ಮಾತಾಡ್ತಾ ಇದಾರೆ ಅಂದ್ಕೋ. ಏನ್ ಹೇಳ್ತಿದಾರೆ ಅಂತ ನನಗೆ ಕನ್ನಡದಲ್ಲಿ ಹೇಳು. ಅವಸರ ಇಲ್ಲ."

ಅವಳು ಶುರು ಮಾಡಿದಳು. ಮೊದಮೊದಲು ಬಹಳ ಕಷ್ಟಪಟ್ಟಳು. ತಲೆಗೆ ನೀರು ಬೀಳಬಾರದು ಅನ್ನುವುದಕ್ಕೆ ಎರಡು ನಿಮಿಷ ಹಿಡಿಯಿತು. ಕಣ್ಣು ಉಜ್ಜಬಾರದು, ಭಾರ ಎತ್ತಬಾರದು. ಹೋಗ್ತಾ ಹೋಗ್ತಾ ದಾರಿ ಸಿಕ್ಕಿತು. ಬುದ್ಧಿ ಸತ್ತಿರಲಿಲ್ಲ, ಪಾಪ, ಮೂಲೆಗೆ ಸೇರಿತ್ತು ಅಷ್ಟೆ. ಕೆಂಪಗಿರುವುದು ಸಹಜ ಅನ್ನುವ ಸಾಲು ಬಂತು, ಹೇಳಿದಳು, ಅಭ್ಯಾಸಬಲದಿಂದ ನಿಂತಳು.

"ಮುಂದಕ್ಕೆ ಹೋಗಮ್ಮ," ಅಂದರು ಮೇಷ್ಟ್ರು. ಗೆರೆ ಎಳೆಸುವುದಕ್ಕೆ ಶುರು ಮಾಡಿದ ಮೇಲೆ ಯಾವ ಮಗುವಿಗೂ ಅವರು ಆ ಮಾತು ಹೇಳಿರಲಿಲ್ಲ.

"ಆದರೆ," ಅಂದಳು ಗಂಗಾಂಬಿಕೆ. "ಆದರೆ ಅದರ ಜೊತೆಗೆ ನೋವು..." ಅಲ್ಲಿಗೆ ಅವಳ ದನಿ ನಿಂತುಹೋಯಿತು. ಬೆರಳು ಕಾಗದದ ಮೇಲೆ ಸರಿಯುವ ಸದ್ದು ಮೇಷ್ಟ್ರಿಗೆ ಕೇಳಿಸಿತು. ಅವಳು ಆ ಸಾಲನ್ನು ಮನಸ್ಸಿನಲ್ಲೇ ಪೂರ್ತಿ ಓದುತ್ತಿದ್ದಾಳೆ ಅಂತ ಅವರಿಗೆ ಗೊತ್ತಾಯಿತು. ಒಂದು ಸಲ, ಮತ್ತೊಂದು ಸಲ.

"ಸಾರ್, ಇದು ಅವತ್ತೂ ಇಲ್ಲೇ ಇತ್ತಾ?"

"ಇತ್ತಮ್ಮ."

ಅವಳು ನೆಲಕ್ಕೆ ಕುಸಿದು, ಅವರ ಪಾದ ಹಿಡಿದುಕೊಂಡು ಅತ್ತಳು. ಮೇಷ್ಟ್ರು ತಡಕಾಡಿ ಅವಳ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ತಪ್ಪಲ್ಲ ತಾಯಿ. ಮುಂದಿನ ಸಾಲು ಓದಬೇಡ ಅಂತ ಹೇಳಿಕೊಟ್ಟೋನು ನಾನು. ನೀನು ಓದಿದ್ದೆ. ಒಂದ್ಸಲ ಪೂರ್ತಿ ಓದಿ, ಅರ್ಥ ಮಾಡ್ಕೊಂಡು, ನಿನ್ನ ಮಾತಲ್ಲೇ ಬರೆದಿದ್ದೆ. ನಾನು ಹೊಡೆದುಹಾಕಿದೆ."

ಗಂಗಾಂಬಿಕೆ ಕಣ್ಣೊರೆಸಿಕೊಂಡು ಮನೆಗೆ ಹೋದಳು. ಸೋಮವಾರ ಕ್ಲಾಸಿಗೆ ಹೋಗಿ ಪೆನ್ಸಿಲ್ ಕೆಳಗಿಡಿ ಅಂದಳಂತೆ. ಪ್ಯಾಸೇಜು ಓದಿ, ಏನು ಹೇಳುತ್ತೆ ಅದು ಅಂತ ಮಕ್ಕಳನ್ನು ಕೇಳಿದಳಂತೆ. ಮಕ್ಕಳೆಲ್ಲ ಪಿಳಿಪಿಳಿ ಕಣ್ಣು ಬಿಟ್ಟವು. ಆ ವರ್ಷ ಫಲಿತಾಂಶ ಇಳಿಯಿತು, ಊರವರು ಗೊಣಗಿದರು, ಹೆಡ್‌ಮೇಷ್ಟ್ರು ಕರೆಸಿ ಬೈದರು. ಅವಳು ಬಿಡಲಿಲ್ಲ. ಫೇಲಾದ ಆರು ಮಕ್ಕಳ ಮನೆಮನೆಗೂ ಹೋಗಿ, ಓದು ಬಿಡಿಸಬೇಡಿ ಅಂತ ಅಪ್ಪ ಅಮ್ಮಂದಿರ ಕೈ ಹಿಡಿದು ಕೇಳಿಕೊಂಡಳು, ಮತ್ತೆ ಪರೀಕ್ಷೆಗೆ ಕೂರಿಸಿದಳು. ಮೊದಲ ವರ್ಷವೇ ಹೀಗೆ ಮನೆಮನೆ ತಿರುಗುವ ಬುದ್ಧಿ ನನಗೆ ಬರಬಾರದಿತ್ತೇ ಅಂತ ಮೇಷ್ಟ್ರು ಹೆಂಡತಿಯ ಮುಂದೆ ಹೇಳಿಕೊಂಡರು.

ಆದರೆ ಕಣ್ಣು ಬರಲಿಲ್ಲ. ಮೇಷ್ಟ್ರು ಜಗಲಿಯ ಮೇಲೆ ಕೂತು ತಾವು ಪಾಸು ಮಾಡಿಸಿದ ಮಕ್ಕಳ ಹೆಸರನ್ನು ವರ್ಷವರ್ಷದ್ದೂ ನೆನಪು ಮಾಡಿಕೊಳ್ಳುತ್ತಾರೆ. ಒಬ್ಬ ಔಷಧಿ ಅಂಗಡಿ ಇಟ್ಟಿದ್ದಾನೆ. ಒಬ್ಬಳು ಆಸ್ಪತ್ರೆಯಲ್ಲಿ ನರ್ಸು. ಒಬ್ಬ ಬಾಯ್ಲರು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಎಲ್ಲರೂ ಎಲ್ಲೆಲ್ಲೋ ಇದ್ದಾರೆ, ಏನೇನೋ ಕಾಗದ ಓದುತ್ತಿದ್ದಾರೆ. ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಮುಂದಿನ ಸಾಲೂ ಓದ್ರಪ್ಪ ಅಂತ ಹೇಳಬೇಕು ಅಂತ ಅವರಿಗೆ ಆಸೆ. ಈಗ ಮನೆ ಗೇಟು ದಾಟುವುದಕ್ಕೂ ಅವರಿಗೆ ಸರ್ವಮಂಗಳಮ್ಮನ ಕೈ ಬೇಕು.

ನೀತಿ: ಕೇಳಿದ್ದಕ್ಕೆ ಉತ್ತರ ಸಿಕ್ಕಿದ ಕೂಡಲೇ ಓದು ಮುಗಿಯುವುದಿಲ್ಲ; ಬರೆದವರು ಏನು ಹೇಳುತ್ತಿದ್ದಾರೆಂದು ಪೂರ್ತಿ ತಿಳಿದು, ಅದನ್ನು ನಮ್ಮ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳಬಲ್ಲೆವಾದರೆ ಮಾತ್ರ ಓದಿದ ಹಾಗೆ. ಮಗು 'ಯಾಕೆ' ಎಂದು ಕೇಳಿದರೆ ಅದು ಅರ್ಥ ಮಾಡಿಕೊಳ್ಳುವುದಕ್ಕೆ ಹೊರಟಿದೆ ಎಂದು ತಿಳಿಯಿರಿ, ಅಂಕದ ಆಸೆಗೆ ಅದರ ಬಾಯಿ ಮುಚ್ಚಿಸಬೇಡಿ.